ಭಾನುವಾರದ ವಾಕ್: ಮಿಲ್ಲರ್ಸ್ ಡೇಲ್ ಹಳೇ ಸ್ಟೇಷನ್
ಎಲ್ರಿಗೂ ನಮಸ್ಕಾರ 🙏 ಈ ಭಾನುವಾರ ಡರ್ಬಿಶೈರ್‌ನ ಮಿಲ್ಲರ್ಸ್ ಡೇಲ್‌ಗೆ ಹೋಗೋದು ಪಕ್ಕಾ, ಬೆಳಗ್ಗೆ 10:30ಕ್ಕೆ ಅಲ್ಲಿನ ಹಳೇ ಗೂಡ್ಸ್ ಶೆಡ್ ಹತ್ರ ಸೇರೋಣ. ರೈಲಲ್ಲೇ ಬರ್ಬಹುದಾ ಅಂತ ಒಬ್ರು ಕೇಳಿದ್ರು, ಅಯ್ಯೋ ಮಾರಾಯ್ರೆ ಅಲ್ಲಿ ರೈಲು ನಿಂತು ಯಾವ ಕಾಲ ಆಯ್ತು! 1863ರಲ್ಲಿ ಮಿಡ್ಲೆಂಡ್ ರೈಲ್ವೆಯವ್ರು ಶುರು ಮಾಡಿದ್ದು, 1967ರಲ್ಲಿ ಸ್ಟೇಷನ್ ಮುಚ್ಚಿದ್ರು, ಮರುವರ್ಷ ಲೈನೂ ಹೋಯ್ತು. ಊರು ಅಂದ್ರೆ ನಾಲ್ಕು ಮನೆ, ಆದ್ರೆ ಬಕ್ಸ್‌ಟನ್‌ಗೆ ಹೋಗೋರು ಇಲ್ಲೇ ಗಾಡಿ ಬದಲಾಯಿಸ್ಬೇಕಿತ್ತಲ್ಲ, ಅದಕ್ಕೇ ಅಷ್ಟು ಚಿಕ್ಕ ಊರಿಗೆ ಐದು ಪ್ಲಾಟ್‌ಫಾರ್ಮು, ಸಾಲದ್ದಕ್ಕೆ ಪ್ಲಾಟ್‌ಫಾರ್ಮ್ ಮೇಲೇ ಒಂದು ಪೋಸ್ಟ್ ಆಫೀಸು ಬೇರೆ. ವೈ ನದಿ ಮೇಲೆ ಅಕ್ಕಪಕ್ಕದಲ್ಲೇ ಎರಡು ರೈಲ್ವೆ ಸೇತುವೆ ಇವೆ, ಎರಡ್ನೇದು 1905ರದ್ದು, ಕೆಳಗಡೆ ರಸ್ತೆಯಿಂದ ತಲೆ ಎತ್ತಿ ನೋಡಿ, ಮಜಾ ಇದೆ.

ಆಮೇಲೆ ಹಳಿ ಇದ್ದ ದಾರೀಲೇ ಮಾನ್ಸಲ್ ಹೆಡ್ ಕಡೆ ನಡೆಯೋದು. ಮಧ್ಯ ಎರಡು ಸುರಂಗ ಸಿಗುತ್ತೆ, ಹಗಲು ಲೈಟ್ ಇರುತ್ತೆ ಆದ್ರೆ ಒಳಗೆ ಚಳಿ, ಮಕ್ಕಳಿಗೆ ಜಾಕೆಟ್ ತನ್ನಿ. ಸೈಕಲ್‌ನವ್ರೂ ಅದೇ ದಾರೀಲಿ ಬರ್ತಾರೆ, ಮಕ್ಕಳ ಕೈ ಬಿಡ್ಬೇಡಿ.

ಪಾರ್ಕಿಂಗ್‌ಗೆ ದುಡ್ಡು ಕೊಡ್ಬೇಕು, ಜಾಗಾನೂ ಕಮ್ಮಿ, ಆದಷ್ಟು ಒಂದೇ ಕಾರಲ್ಲಿ ಸೇರ್ಕೊಂಡು ಬನ್ನಿ. ಶುಕ್ರವಾರ ರಾತ್ರಿಯೊಳಗೆ ಎಷ್ಟು ಜನ, ಕಾರಲ್ಲಿ ಎಷ್ಟು ಸೀಟ್ ಖಾಲಿ ಅಂತ ಇಲ್ಲೇ ಹಾಕಿ, ಬರೀ ಥಂಬ್ಸ್ ಅಪ್ ಹಾಕ್ಬೇಡಿ ಪ್ಲೀಸ್ 😄 ಪುಳಿಯೋಗರೆ ನಮ್ಮನೇದು, ಮೊಸರನ್ನ ಯಾರು ತರ್ತೀರಾ ಹೇಳಿ.