ಪೆರುವಿನಲ್ಲಿ ಎಲ್ಲ ಕಡೆ ಮಳೆಯೇ?

ಸಂಪಾದಕರೇ,

ಭಾನುವಾರದ ಮಕ್ಕಳ ಪುಟದಲ್ಲಿ ಪೆರು ದೇಶದ ಬಗ್ಗೆ ಬರೆದಿದ್ದೀರಿ. ಮೊಮ್ಮಗ ಗಟ್ಟಿಯಾಗಿ ಓದುತ್ತಿದ್ದ. 'ಭೂಮಧ್ಯರೇಖೆಗೆ ಹತ್ತಿರ ಇರುವುದರಿಂದ ಸೆಕೆ ಜಾಸ್ತಿ, ಮಳೆಯೂ ಜಾಸ್ತಿ' ಎಂಬಲ್ಲಿಗೆ ಬಂದಾಗ ನಾನು ಚಹಾದ ಲೋಟ ಕೆಳಗಿಟ್ಟೆ. ಮೂವತ್ತು ವರ್ಷ ಭೂಗೋಳ ಕಲಿಸಿದವನಿಗೆ ಇದನ್ನು ಕೇಳಿ ಸುಮ್ನೆ ಕೂರಲಿಕ್ಕೆ ಆಗುತ್ತದಾ?

ಅಲ್ಲಿನ ರಾಜಧಾನಿ ಲಿಮಾವನ್ನೇ ನೋಡಿ. ಅದು ಭೂಮಧ್ಯರೇಖೆಯಿಂದ ದಕ್ಷಿಣಕ್ಕೆ 12 ಡಿಗ್ರಿ, ನಮ್ಮ ಮಂಗಳೂರು ಉತ್ತರಕ್ಕೆ ಸುಮಾರು 13 ಡಿಗ್ರಿ. ಎರಡಕ್ಕೂ ಪಶ್ಚಿಮದಲ್ಲಿ ಕಡಲು, ಪೂರ್ವದಲ್ಲಿ ಬೆಟ್ಟಸಾಲು. ಆದರೆ ನಮ್ಮಲ್ಲಿ ನಾಲ್ಕು ತಿಂಗಳ ಮಳೆಗಾಲದಲ್ಲೇ 3,000 ಮಿ.ಮೀ. ದಾಟುವುದು ಮಾಮೂಲು, ಲಿಮಾದಲ್ಲಿ ಇಡೀ ವರ್ಷಕ್ಕೆ 20 ಮಿ.ಮೀ. ಬಿದ್ದರೆ ಹೆಚ್ಚು. ಅಲ್ಲಿನ ಕಡಲಲ್ಲಿ ದಕ್ಷಿಣದಿಂದ ಹಂಬೋಲ್ಟ್ ಎಂಬ ತಣ್ಣೀರಿನ ಪ್ರವಾಹ ಬರುತ್ತದೆ, ಅದರ ಮೇಲಿನ ಗಾಳಿ ತಂಪಾಗಿ ಕೆಳಗೇ ಉಳಿಯುತ್ತದೆ, ಮೇಲೇರಿ ಮಳೆಮೋಡವಾಗುವುದಿಲ್ಲ, ಹಾಗಾಗಿ ಜೂನ್ ನಂತರ ತಿಂಗಳುಗಟ್ಟಲೆ ಮೋಡ ಕವಿದುಕೊಂಡೇ ಇದ್ದರೂ ತುಂತುರು ಬಿಟ್ಟರೆ ಬೇರೇನಿಲ್ಲ. ಕೊಡೆ ಬೇಡ, ಬಟ್ಟೆ ಮಾತ್ರ ಒಣಗುವುದಿಲ್ಲ! ಊರ ಹೊರಗಿನ ಗುಡ್ಡಗಳ ಮೇಲೆ ಬಡವರು ದೊಡ್ಡ ಬಲೆ ಕಟ್ಟಿ ಮಂಜಿನಿಂದ ನೀರು ಹಿಡಿಯುತ್ತಾರೆ.

ಮಳೆ ಎಲ್ಲಿ ಹೋಯಿತು ಅಂದರೆ, ಆಂಡಿಸ್ ಬೆಟ್ಟದ ಆಚೆಗೆ. ಅಟ್ಲಾಂಟಿಕ್ ಕಡೆಯಿಂದ ಅಮೆಜಾನ್ ಕಾಡು ದಾಟಿ ಬರುವ ಗಾಳಿ ಪೂರ್ವದ ಮೈಗೆ ಬಡಿದು ಅಲ್ಲೇ ಸುರಿದುಬಿಡುತ್ತದೆ. ಆಗುಂಬೆ ಘಾಟಿಯನ್ನು ತಿರುಗಿಸಿ ಇಟ್ಟ ಹಾಗೆ. ನೀವು ಬರೆದದ್ದು ಆ ಕಡೆಗೆ ಸರಿ, ಇಡೀ ದೇಶಕ್ಕಲ್ಲ.

ಇನ್ನೊಂದು. ಮಲ್ಪೆಯಲ್ಲಿ ಮೀನು ಕಮ್ಮಿಯಾದರೂ ಮಳೆ ತಡವಾದರೂ ಪತ್ರಿಕೆಗಳು 'ಎಲ್ ನಿನೊ' ಅಂತ ಬರೆಯುತ್ತವೆ. ಆ ಹೆಸರು ಇಟ್ಟದ್ದೇ ಪೆರುವಿನ ಮೀನುಗಾರರು. ಕೆಲವು ವರ್ಷ ಕ್ರಿಸ್‌ಮಸ್ ಹೊತ್ತಿಗೆ ಕಡಲು ಬೆಚ್ಚಗಾಗಿ ಆಂಚೊವೆಟಾ ಎಂಬ ಪುಟ್ಟ ಮೀನು ಸಿಗದೆ ಹೋಗುತ್ತಿತ್ತು, ಅದಕ್ಕೆ ಬಾಲಯೇಸುವಿನ ಹೆಸರು ಬಂತು. ಆ ಮೀನು ಹೆಚ್ಚಾಗಿ ಫಿಶ್‌ಮೀಲ್ (ಮೀನಿನ ಪುಡಿ) ಕಾರ್ಖಾನೆಗೇ ಹೋಗುವುದು. ಎಲ್ ನಿನೊ ಬಂದರೆ ಇಲ್ಲಿ ಬರಗಾಲ ಖಂಡಿತ ಅಂತಲೂ ಇಲ್ಲ, 1997ರಲ್ಲಿ ಅದು ಜೋರಾಗಿದ್ದರೂ ದೇಶದ ಮುಂಗಾರು ಸರಿಯಾಗಿಯೇ ಇತ್ತು.

ಜನರ ಬಗ್ಗೆ ಬರೆದದ್ದಂತೂ ಏನೂ ಇಲ್ಲ, ಲಾಮಾ ಪ್ರಾಣಿಯ ಫೋಟೊ ಒಂದು ಬಿಟ್ಟರೆ. ಬೆಟ್ಟದ ಮೇಲೆ ಕೆಚುವಾ, ಐಮಾರಾ ಮಾತಾಡುವವರು ಇದ್ದಾರೆ. ಅವರು ಬಟಾಟೆಯನ್ನು ರಾತ್ರಿಯ ಚಳಿಗೆ ಹರಡಿ, ಹೆಪ್ಪುಗಟ್ಟಿದ ಮೇಲೆ ಕಾಲಲ್ಲಿ ತುಳಿದು ನೀರು ತೆಗೆದು, ಬಿಸಿಲಿಗೆ ಒಣಗಿಸಿ ವರ್ಷಗಟ್ಟಲೆ ಇಡುತ್ತಾರೆ. ಅದಕ್ಕೆ ಚುನ್ಯೊ ಅಂತ ಹೆಸರು. ನಮ್ಮಲ್ಲಿ ಹಲಸಿನ ಬೀಜ ಬೇಯಿಸಿ ಒಣಗಿಸಿಡುವ ಸಾಂತಾಣಿ ನೆನಪಾಗುವುದಿಲ್ಲವೇ?

ಮುಂದಿನ ಭಾನುವಾರ ತಿದ್ದುಪಡಿ ಹಾಕಿ, ಆಂಡಿಸ್ ಕಾಣುವ ನಕಾಶೆಯೂ ಇರಲಿ. ಮೊಮ್ಮಗ ನಿಮ್ಮ ಪುಟವನ್ನು ಕತ್ತರಿಸಿ ಪ್ರಾಜೆಕ್ಟಿಗೆ ಅಂಟಿಸಲು ಹೊರಟಿದ್ದ. ಗೋಂದಿನ ಬಾಟಲಿ ಸದ್ಯಕ್ಕೆ ನನ್ನ ಹತ್ತಿರ ಇದೆ.

– ನಿವೃತ್ತ ಮೇಷ್ಟ್ರು, ಉಡುಪಿ