ಇಬ್ಬರು ಚಟರ್ಜಿಯರು, ಇಬ್ಬರೂ ನಮ್ಮವರು

ಈ ಸಂಚಿಕೆಯ ಮಕ್ಕಳ ಪುಟಕ್ಕಾಗಿ ಕರ್ನಾಟಕದ ಸಾಧಕಿಯರ ಹೆಸರು ಕಳುಹಿಸಿ ಎಂದು ಕೇಳಿದ್ದೆವು. ಬಂದ ಪಟ್ಟಿಗಳಲ್ಲಿ ಅಕ್ಕಮಹಾದೇವಿ, ಕಿತ್ತೂರು ಚೆನ್ನಮ್ಮ, ಗಂಗೂಬಾಯಿ ಹಾನಗಲ್ ಎಲ್ಲರೂ ಇದ್ದರು. ಸ್ವಾತಂತ್ರ್ಯ ಹೋರಾಟಗಾರ್ತಿ ಕಮಲಾದೇವಿ ಚಟ್ಟೋಪಾಧ್ಯಾಯ ಒಂದರಲ್ಲೂ ಇರಲಿಲ್ಲ. ಮೈಕ್ರೋವೇವ್ ವಿಜ್ಞಾನಿ ರಾಜೇಶ್ವರಿ ಚಟರ್ಜಿಯವರೂ ಇಲ್ಲ. ಅಡ್ಡಹೆಸರು ಕಂಡವರು ಇವರಿಬ್ಬರನ್ನೂ ಬಂಗಾಳದ ಲೆಕ್ಕಕ್ಕೆ ಬರೆದುಬಿಡುತ್ತಾರೆ. ಚಟ್ಟೋಪಾಧ್ಯಾಯ, ಚಟರ್ಜಿ ಎರಡೂ ಒಂದೇ ಬಂಗಾಳಿ ಅಡ್ಡಹೆಸರಿನ ಎರಡು ರೂಪಗಳು. ಆದರೆ ಇವರಲ್ಲಿ ಒಬ್ಬರು ಮಂಗಳೂರಿನವರು, ಇನ್ನೊಬ್ಬರು ನಂಜನಗೂಡಿನವರು. ಇಬ್ಬರಿಗೂ ಆ ಹೆಸರು ಬಂದದ್ದು ಮದುವೆಯಿಂದ.

ಕಮಲಾದೇವಿ 1903ರಲ್ಲಿ ಮಂಗಳೂರಿನ ಸಾರಸ್ವತ ಕುಟುಂಬದಲ್ಲಿ ಹುಟ್ಟಿದರು. ಎಳೆಯ ವಯಸ್ಸಿಗೇ ವಿಧವೆಯಾದರು. ಮುಂದೆ ಓದಿ, ಸರೋಜಿನಿ ನಾಯ್ಡು ಅವರ ತಮ್ಮ ಹರೀಂದ್ರನಾಥರನ್ನು ಮದುವೆಯಾದರು. 1926ರಲ್ಲಿ ಮದ್ರಾಸ್ ಶಾಸನಸಭೆಗೆ ಸ್ಪರ್ಧಿಸಿ ಅಲ್ಪ ಮತಗಳಿಂದ ಸೋತರು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಹೆಂಗಸರಿಗೂ ಪಾಲು ಬೇಕೆಂದು ಗಾಂಧೀಜಿಯವರಲ್ಲಿ ಪಟ್ಟು ಹಿಡಿದರು, ಜೈಲಿಗೂ ಹೋದರು. ಕನ್ನಡನಾಡಿನ ಆರಂಭದ ಮೂಕಿಚಿತ್ರವೊಂದರಲ್ಲಿ ವಸಂತಸೇನೆಯಾಗಿ ಅಭಿನಯಿಸಿದವರೂ ಇವರೇ. ಮರ್ಯಾದಸ್ಥ ಮನೆತನದ ಹೆಣ್ಣುಮಕ್ಕಳು ಕ್ಯಾಮೆರಾದ ಮುಂದೆ ನಿಲ್ಲಲು ಹೆದರುತ್ತಿದ್ದ ಕಾಲ ಅದು. 1952ರಿಂದ ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷೆಯಾಗಿ ದೇಶದ ನೇಕಾರರು, ಕುಂಬಾರರು, ಮರಗೆಲಸದವರಿಗೆ ಮಾರುಕಟ್ಟೆಯ ದಾರಿ ಮಾಡಿಕೊಟ್ಟರು. ಅಮೆರಿಕದಿಂದ ಊರಿಗೆ ಹೋದಾಗ ಕರಕುಶಲ ವಸ್ತುಗಳ ಮಳಿಗೆಯಾದ ಕಾಟೇಜ್ ಎಂಪೋರಿಯಂನಲ್ಲಿ ಉಡುಗೊರೆ ಕೊಳ್ಳುವ ನಮ್ಮಲ್ಲಿ ಎಷ್ಟು ಮಂದಿಗೆ ಅದರ ಹಿಂದೆ ಮಂಗಳೂರಿನ ಈ ಮಹಿಳೆ ಇದ್ದರೆಂದು ಗೊತ್ತು?

ರಾಜೇಶ್ವರಿಯವರ ಕಥೆ ಅಮೆರಿಕದಲ್ಲಿರುವ ನಮಗೆ ಇನ್ನೂ ಹತ್ತಿರದ್ದು. ಅವರು ಹುಟ್ಟಿದ್ದು 1922ರಲ್ಲಿ. ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸಂಸ್ಥಾನದ ಮೊದಲ ಪದವೀಧರೆಯರಲ್ಲಿ ಒಬ್ಬರು ಎನ್ನುವುದು ಅವರ ಪಾಲಿಗೆ ದೊಡ್ಡ ಆಸ್ತಿಯಾಯಿತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತದ ಎಂ.ಎಸ್ಸಿ. ಮುಗಿಸಿ, 1943ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. ಕೇವಲ ಹತ್ತು ವರ್ಷ ಹಿಂದೆ, 1933ರಲ್ಲಿ, ಮತ್ತೊಬ್ಬ ಕಮಲಾ ಅದೇ ಸಂಸ್ಥೆಯ ಬಾಗಿಲು ತಟ್ಟಿದ್ದರು. ಮುಂದೆ ಕಮಲಾ ಸೊಹೋನಿ ಎಂದು ಹೆಸರಾದ ಆ ಮುಂಬಯಿ ಪದವೀಧರೆಗೆ, ಹೆಣ್ಣೆಂಬ ಕಾರಣಕ್ಕೆ ಸಿ.ವಿ. ರಾಮನ್ ಪ್ರವೇಶ ನಿರಾಕರಿಸಿದ್ದರು. ಆಕೆ ಹಟ ಬಿಡದೆ ಷರತ್ತಿನ ಮೇಲೆ ಒಳಗೆ ಬಂದು, ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನ್ ಬಗ್ಗೆ ಸಂಶೋಧನೆ ಮಾಡಿ, ಕೇಂಬ್ರಿಜ್‌ನಲ್ಲಿ 1939ರಲ್ಲಿ ಪಿಎಚ್.ಡಿ. ಪಡೆದರು. ಅವರು ತೆರೆಸಿದ ಬಾಗಿಲಲ್ಲೇ ರಾಜೇಶ್ವರಿ ಒಳಹೊಕ್ಕರು ಎಂದು ನನಗೆ ಅನ್ನಿಸುತ್ತದೆ.

ವಿದ್ಯಾರ್ಥಿವೇತನ ಪಡೆದು ಹಡಗು ಹತ್ತಿ ಮಿಶಿಗನ್ನಿನ ಆನ್ ಆರ್ಬರ್‌ಗೆ ಬಂದ ರಾಜೇಶ್ವರಿ, ಅಲ್ಲಿ ಸ್ನಾತಕೋತ್ತರ ಪದವಿಯನ್ನೂ 1953ರಲ್ಲಿ ಡಾಕ್ಟರೇಟನ್ನೂ ಪಡೆದರು. ಇಲ್ಲೇ ಉಳಿಯಲಿಲ್ಲ. ಬೆಂಗಳೂರಿಗೆ ಮರಳಿ ತಮ್ಮ ಹಳೆಯ ಸಂಸ್ಥೆಯಲ್ಲೇ ಬೋಧನೆಗೆ ಸೇರಿ, ಸಹೋದ್ಯೋಗಿ ಶಿಶಿರ್ ಕುಮಾರ್ ಚಟರ್ಜಿಯವರನ್ನು ಮದುವೆಯಾಗಿ, ಇಬ್ಬರೂ ಕೂಡಿ ಮೈಕ್ರೋವೇವ್ ಮತ್ತು ಆಂಟೆನಾ ಸಂಶೋಧನೆಯನ್ನು ಕಟ್ಟಿ ಬೆಳೆಸಿದರು. ಇಪ್ಪತ್ತು ಮಂದಿ ಅವರ ಕೈಕೆಳಗೆ ಪಿಎಚ್.ಡಿ. ಮಾಡಿದರು. ವಿಭಾಗದ ಮುಖ್ಯಸ್ಥೆಯೂ ಆಗಿದ್ದರು. 2010ರಲ್ಲಿ ತೀರಿಕೊಂಡರು.

ರಾಜೇಶ್ವರಿ ಎಂದರೆ ನಮ್ಮ ಮಕ್ಕಳಿಗೆ ಗೊತ್ತಿರುವುದು ವಿಜಯಪುರದ ಎಡಗೈ ಸ್ಪಿನ್ನರ್ ರಾಜೇಶ್ವರಿ ಗಾಯಕವಾಡ್. 2017ರ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್‌ಗೆ 5 ವಿಕೆಟ್ ಕಿತ್ತವರು. ಅದು ಸಂತೋಷವೇ. ಆ ಹೆಸರಿನ ಪಕ್ಕದಲ್ಲಿ ನಂಜನಗೂಡಿನ ರಾಜೇಶ್ವರಿಯೂ ಕೂರಬೇಕು ಎಂಬುದಷ್ಟೇ ನನ್ನ ಆಸೆ.

ಮುಂದಿನ ಸಂಚಿಕೆಗೆ ನಿಮ್ಮ ಕುಟುಂಬದ, ನಿಮ್ಮ ಊರಿನ ಸಾಧಕಿಯರ ಬಗ್ಗೆ ಬರೆಯುವವರಲ್ಲಿ ಒಂದು ಕೋರಿಕೆ: ಗಂಡನ ಮನೆಯ ಹೆಸರಿನ ಜೊತೆಗೆ ತವರೂರನ್ನೂ ತವರಿನ ಹೆಸರನ್ನೂ ತಪ್ಪದೆ ಸೇರಿಸಿ. ನಾವು ಎರಡನ್ನೂ ಅಚ್ಚು ಹಾಕುತ್ತೇವೆ.