ರಕ್ಷಣಾ ಸಚಿವರಿಗೊಂದು ಬಹಿರಂಗ ಪತ್ರ: ಆ ಮರ ಎರಡೂ ಪರದೆಯಲ್ಲಿದೆಯೇ?

ಮಾನ್ಯ ರಕ್ಷಣಾ ಸಚಿವರಿಗೆ,

ನಮಸ್ಕಾರಗಳು.

ಸೇನಾ ತರಬೇತಿಗೆ ಸಿಮ್ಯುಲೇಟರ್ (ಪರದೆಯ ಮೇಲೆ ಟ್ಯಾಂಕ್, ವಿಮಾನ ಓಡಿಸಿ ಕಲಿಸುವ ಯಂತ್ರ) ಕೊಳ್ಳುವ ಕಡತ ತಮ್ಮ ಮೇಜಿಗೆ ಬಂದಾಗ ಪರದೆಯ ಅಗಲ, ಚಿತ್ರದ ಸ್ಪಷ್ಟತೆ, ಯಂತ್ರಗಳ ಸಂಖ್ಯೆ ಎಲ್ಲವೂ ಎದ್ದು ಕಾಣುತ್ತವೆ. ಈ ಯಂತ್ರ ಬೇರೆ ಕಂಪನಿಯ ಯಂತ್ರದೊಂದಿಗೆ ಒಂದೇ ಯುದ್ಧಭೂಮಿಗೆ ಇಳಿಯಬಲ್ಲದೇ ಎಂಬ ಪ್ರಶ್ನೆ ಮಾತ್ರ ಎಲ್ಲೋ ಅನುಬಂಧದಲ್ಲಿ ಅಡಗಿ ಕೂತಿರುತ್ತದೆ. ನೆಟ್‌ವರ್ಕ್ ತಂತ್ರಾಂಶ ಬರೆಯುತ್ತಲೇ ತಲೆ ನರೆತವನು ನಾನು. ಆ ಪ್ರಶ್ನೆಯನ್ನು ಮೊದಲ ಪುಟಕ್ಕೆ ತರಿಸಿ ಎಂದು ಕೇಳಲು ಈ ಪತ್ರ.

ಯಂತ್ರಗಳನ್ನು ಹೀಗೆ ಜೋಡಿಸುವುದು ಹೊಸ ವಿಚಾರವಲ್ಲ. ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ 1983ರಲ್ಲೇ ಸಿಮ್‌ನೆಟ್ ಯೋಜನೆ ಶುರುಮಾಡಿತ್ತು. ದಶಕ ಮುಗಿಯುವ ಹೊತ್ತಿಗೆ ಬೇರೆ ಬೇರೆ ನೆಲೆಗಳಲ್ಲಿದ್ದ ಇನ್ನೂರಕ್ಕೂ ಹೆಚ್ಚು ಸಿಮ್ಯುಲೇಟರ್‌ಗಳು ಅದರಲ್ಲಿದ್ದವು. ನಡುವೆ ಕೂತು ಎಲ್ಲವನ್ನೂ ಆಳುವ ದೊಡ್ಡ ಕಂಪ್ಯೂಟರ್ ಅಲ್ಲಿರಲಿಲ್ಲ. ಪ್ರತಿ ಟ್ಯಾಂಕಿಗೆ ಅದರದೇ ಕಂಪ್ಯೂಟರ್, ಅದರದೇ ಲೆಕ್ಕ. ಗುಂಡು ತಗುಲಿದಾಗ ಎಷ್ಟು ಹಾನಿಯಾಯಿತೆಂದು ತೀರ್ಮಾನಿಸುವುದೂ ಗುಂಡು ತಿಂದ ಯಂತ್ರವೇ. (ಮನುಷ್ಯರಿಗೆ ಈ ನಿಯಮ ಹಾಕಿದ್ದರೆ ಯಾವ ಟ್ಯಾಂಕೂ ಸಾಯುತ್ತಿರಲಿಲ್ಲ.)

ಅದರಲ್ಲಿ ನನಗೆ ಇಂದಿಗೂ ಬೆರಗು ಹುಟ್ಟಿಸುವುದು ಒಂದು ಮಿತವ್ಯಯದ ಉಪಾಯ. ನನ್ನ ಟ್ಯಾಂಕ್ ಎಲ್ಲಿದೆ, ಯಾವ ದಿಕ್ಕಿಗೆ, ಎಷ್ಟು ವೇಗದಲ್ಲಿ ಹೊರಟಿದೆ ಎಂದು ಒಮ್ಮೆ ಹೇಳಿ ಸುಮ್ಮನಾಗುತ್ತೇನೆ. ಅದು ಈಗ ಎಲ್ಲಿರಬಹುದೆಂದು ಉಳಿದ ಯಂತ್ರಗಳು ತಾವೇ ಅಂದಾಜು ಮಾಡಿಕೊಳ್ಳುತ್ತವೆ. ಅದೇ ಅಂದಾಜನ್ನು ನಾನೂ ಮಾಡುತ್ತಿರುತ್ತೇನೆ. ನಿಜಕ್ಕೂ ಅವರ ಅಂದಾಜಿಗೂ ನಡುವಿನ ಅಂತರ ಮಿತಿ ಮೀರಿದಾಗಷ್ಟೇ ಮತ್ತೆ ಬಾಯಿ ತೆರೆಯುತ್ತೇನೆ. ನೇರ ದಾರಿಯಲ್ಲಿ ಒಂದೇ ವೇಗದಲ್ಲಿ ಓಡುವ ಟ್ಯಾಂಕಿಗೆ ಹೇಳಲು ಹೆಚ್ಚೇನಿಲ್ಲ, ಬದುಕಿದ್ದೇನೆ ಎಂದು ಆಗಾಗ ತಿಳಿಸಿದರೆ ಸಾಕು. ಸಿಮ್‌ನೆಟ್‌ನಿಂದ ಬೆಳೆದ, ಇಂಥ ಯಂತ್ರಗಳ ಸಂದೇಶಗಳಿಗೆ ರೂಪ ಕೊಡುವ ಐಇಇಇ 1278 ಮಾನದಂಡದಲ್ಲಿ ಆ ಬಿಡುವು ಸಾಮಾನ್ಯವಾಗಿ ಐದು ಸೆಕೆಂಡು. ಅಂದಿನ ಬಡಕಲು ಜಾಲ ಅಷ್ಟು ದೊಡ್ಡ ಕಾಳಗವನ್ನು ಹೊತ್ತದ್ದು ಹೀಗೆ.

ಈ ದಾರಿ ಎಷ್ಟು ದೂರ ಹೋಗಬಲ್ಲದು ಎಂಬುದೂ ಗೊತ್ತಾಗಿದೆ. 1998ರ ಮಾರ್ಚ್‌ನಲ್ಲಿ ಒಂಬತ್ತು ಕೇಂದ್ರಗಳ ಹದಿಮೂರು ಸೂಪರ್‌ಕಂಪ್ಯೂಟರ್‌ಗಳನ್ನು ಜೋಡಿಸಿ, 1,386 ಪ್ರೊಸೆಸರ್‌ಗಳ ಮೇಲೆ ಒಂದು ಲಕ್ಷಕ್ಕೂ ಹೆಚ್ಚು ವಾಹನಗಳನ್ನು ಒಂದೇ ಕಾಳಗದಲ್ಲಿ ಓಡಿಸಿ ತೋರಿಸಿದರು. ಆದ್ದರಿಂದ ಗಣನಶಕ್ತಿ ಸಾಲದು, ಇನ್ನೊಂದು ದೊಡ್ಡ ಕೇಂದ್ರ ಕಟ್ಟಬೇಕು ಎಂದು ಯಾರಾದರೂ ತಮ್ಮ ಮುಂದೆ ವಾದಿಸಿದರೆ ತುಸು ಅನುಮಾನದಿಂದಲೇ ಕೇಳಿ.

ಎಡವುವುದು ಬೇರೆ ಕಡೆ. ಒಂದು ಕಂಪನಿಯ ಸಿಮ್ಯುಲೇಟರ್‌ನ ಭೂಪಟದಲ್ಲಿ ದಿಬ್ಬದ ಮೇಲೊಂದು ಮರವಿದೆ. ಇನ್ನೊಂದು ಕಂಪನಿಯ ಭೂಪಟದಲ್ಲಿ ಅದಿಲ್ಲ, ದಿಬ್ಬವೂ ಎರಡು ಮೀಟರ್ ಗಿಡ್ಡ. ಮೊದಲನೆಯವನು ಮರದ ಮರೆಯಲ್ಲಿ ನಿಶ್ಚಿಂತೆಯಿಂದ ನಿಂತಿದ್ದಾನೆ. ಎರಡನೆಯವನಿಗೆ ಅವನು ಬಟಾಬಯಲಲ್ಲಿ ಕಾಣುತ್ತಾನೆ. ಗುಂಡು ಬೀಳುತ್ತದೆ. ಸತ್ತವನು ತಾನು ತಪ್ಪಾಗಿ ಅವಿತೆನೆಂದು ಕಲಿಯುತ್ತಾನೆ, ಹೊಡೆದವನು ತನ್ನ ಕಣ್ಣು ಚುರುಕೆಂದು ಕಲಿಯುತ್ತಾನೆ. ಎರಡೂ ಸುಳ್ಳು. ಎರಡೂ ಯಂತ್ರಗಳು ಮಾನದಂಡದ ಪ್ರಕಾರವೇ ಸಂದೇಶ ಕಳಿಸಿರುತ್ತವೆ, ಪ್ರಮಾಣಪತ್ರವೂ ಇರುತ್ತದೆ. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಹಾಗೆ. ಇಂಥ ಯಂತ್ರದಲ್ಲಿ ಪಳಗಿದವನು ತಪ್ಪು ಪಾಠವನ್ನು ನಿಜವಾದ ರಣರಂಗಕ್ಕೆ ಹೊತ್ತೊಯ್ಯುತ್ತಾನೆ. ನನ್ನ ಮಟ್ಟಿಗೆ ಸಿಮ್ಯುಲೇಟರೇ ಇಲ್ಲದಿರುವುದಕ್ಕಿಂತ ಇದು ಕೆಟ್ಟದ್ದು.

ಎಲ್ಲವನ್ನೂ ಕ್ಲೌಡ್‌ಗೆ, ಅಂದರೆ ದೂರದ ಸರ್ವರ್‌ಗಳಿಗೆ, ಹಾಕಿದರೆ ಈ ತಂಟೆಯೇ ಇರದು ಎನ್ನುವವರಿದ್ದಾರೆ. ಭೂಪಟ ಒಂದೇ ಆಗಬಹುದು, ಆದರೆ ದೂರ ಎಲ್ಲಿಗೆ ಹೋದೀತು? ಜಾಲದ ಗಾಜಿನ ಎಳೆಯಲ್ಲಿ (ಆಪ್ಟಿಕಲ್ ಫೈಬರ್) ಬೆಳಕು ಒಂದು ಮಿಲಿಸೆಕೆಂಡಿನಲ್ಲಿ ಸುಮಾರು 200 ಕಿಲೋಮೀಟರ್ ಹೋಗುತ್ತದೆ, ದಾರಿಯ ರೌಟರ್‌ಗಳ ತಡ ಬೇರೆ. ಒಟ್ಟಾಗಿ ಹಾರುವ ಎರಡು ವಿಮಾನಗಳಂಥ ಬಿಗಿ ಸಂದರ್ಭಕ್ಕೆ ಮಾನದಂಡ ಸೂಚಿಸುವ ತಡದ ಮಿತಿ 100 ಮಿಲಿಸೆಕೆಂಡು, ಸಡಿಲ ಸಂದರ್ಭಕ್ಕೆ 300. ಯಾವುದು ಸರ್ವರ್‌ನಲ್ಲಿರಬೇಕು, ಯಾವುದು ಚಾಲಕನ ಪಕ್ಕದ ಯಂತ್ರದಲ್ಲೇ ಇರಬೇಕು ಎಂಬುದನ್ನು ಅಳೆದು ನೋಡಿ ನಿರ್ಧರಿಸಬೇಕು. ಗೋಪ್ಯತೆಯ ಮಾತು ಬೇರೆಯೇ ಇದೆ. ಅದನ್ನು ಬಹಿರಂಗ ಪತ್ರದಲ್ಲಿ ಚರ್ಚಿಸುವುದು ತರವಲ್ಲ.

ಇನ್ನೊಂದು ಮಾತು. 2002ರಲ್ಲಿ ಅಮೆರಿಕ ಮಿಲೆನಿಯಂ ಚಾಲೆಂಜ್ ಎಂಬ ಭಾರೀ ಸಮರಾಭ್ಯಾಸ ನಡೆಸಿತು. ನಿಜ ಪಡೆಗಳನ್ನೂ ಸಿಮ್ಯುಲೇಷನ್‌ಗಳನ್ನೂ ಬೆರೆಸಿದ ಅದರಲ್ಲಿ ಭಾಗವಹಿಸಿದವರು ಸುಮಾರು 13,500 ಮಂದಿ. ಎದುರಾಳಿ ಪಾತ್ರ ವಹಿಸಿದ್ದ ನಿವೃತ್ತ ಜನರಲ್ ಪಾಲ್ ವ್ಯಾನ್ ರೈಪರ್ ಮೊದಲಲ್ಲೇ ನೌಕಾಪಡೆಯ ಹದಿನಾರು ಹಡಗುಗಳನ್ನು ಮುಳುಗಿಸಿಬಿಟ್ಟರು. ಆಯೋಜಕರು ಹಡಗುಗಳನ್ನು ಮತ್ತೆ ತೇಲಿಸಿ ಆಟ ಮುಂದುವರಿಸಿದರು. ಅಭ್ಯಾಸ ಮುಂದುವರಿಯಲು ಅದು ಬೇಕಿತ್ತು ಎಂಬ ವಾದವೂ ಇದೆ, ಇರಲಿ. ಆದರೆ ಮುಳುಗಿದ ದಾಖಲೆ ಉಳಿಯಬೇಕು. ಜಾಲದಲ್ಲಿ ಹರಿದ ಪ್ರತಿ ಸಂದೇಶವನ್ನೂ ಹಾಗ್ಹಾಗೇ ಕಾದಿರಿಸುವುದು ಇಂದು ಅಗ್ಗದ ಕೆಲಸ. ಅದನ್ನು ಯಾವ ಕಂಪನಿಯ ಹಂಗೂ ಇಲ್ಲದೆ ಸೇನೆಯೇ ತೆರೆದು ನೋಡುವಂತಿರಬೇಕು.

ಆದ್ದರಿಂದ ಮುಂದಿನ ಟೆಂಡರಿನಲ್ಲಿ ಹೀಗೆ ಬರೆಸಿ. ಭೂಪಟದ ಮೂಲ ದತ್ತಾಂಶ ಸೇನೆಯ ಸ್ವತ್ತು, ಮಾರಾಟಗಾರರೆಲ್ಲ ಅದನ್ನೇ ಬಳಸತಕ್ಕದ್ದು. ಯಂತ್ರವನ್ನು ಒಪ್ಪಿಕೊಳ್ಳುವ ಪರೀಕ್ಷೆ ಕಂಪನಿಯ ಸಭಾಂಗಣದಲ್ಲಿ ಬೇಡ. ದೂರದ ಎರಡು ನೆಲೆಗಳಲ್ಲಿ, ಬೇರೆ ಬೇರೆ ಕಂಪನಿಯ ಎರಡು ಯಂತ್ರಗಳ ನಡುವೆ, ಸೇನೆ ದಿನವೂ ಬಳಸುವ ಜಾಲದ ಮೇಲೆಯೇ ನಡೆಯಲಿ. ಒಂದೇ ದಿಬ್ಬದ ಎರಡು ಬದಿಗೆ ಎರಡು ಟ್ಯಾಂಕ್ ನಿಲ್ಲಿಸಿ, ಏನು ಕಾಣುತ್ತಿದೆ ಎಂದು ಎರಡೂ ಕಡೆಯವರನ್ನು ಕೇಳಿ. ಉತ್ತರಗಳು ತಾಳೆಯಾಗುವವರೆಗೆ ಕೊನೆಯ ಕಂತು ಬಿಡುಗಡೆ ಮಾಡಬೇಡಿ. ಆ ದಿನ ಕಂಪನಿಯ ಎಂಜಿನಿಯರ್‌ಗಳು ಕೋಣೆಯ ಹೊರಗೆ ಕೂತಿರಲಿ, ಯಂತ್ರವನ್ನು ಸೈನಿಕರೇ ಚಾಲೂ ಮಾಡಲಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ತಂತ್ರಾಂಶ ಎಂಜಿನಿಯರ್